ಊಟದ ಡಬ್ಬಿ ತುಂಬಿಕೊಂಡೇ ವಾಪಸ್ ಬರುತ್ತಿದೆಯಾ? ಶಾಲೆಯ ಕಾಟ ಮತ್ತು ಮಗುವಿನ ದಿನಚರಿ: ಪೋಷಕರಿಗೊಂದು ಮಾರ್ಗದರ್ಶಿ

ಹೈಸ್ಕೂಲು ವಯಸ್ಸಿನ ಮಕ್ಕಳು "ಶಾಲೆಯಲ್ಲಿ ನನ್ನನ್ನು ಕಾಡಿಸ್ತಾ ಇದಾರೆ" ಅಂತ ತಾವಾಗಿ ಬಂದು ಹೇಳುವುದು ತೀರಾ ಕಡಿಮೆ. ಹೇಳಿದರೆ ಅಪ್ಪ ಶಾಲೆಗೆ ಬಂದು ರಂಪ ಮಾಡುತ್ತಾರೆ, ಮಾರನೇ ದಿನದಿಂದ ಕಾಟ ಇನ್ನೂ ಜಾಸ್ತಿ ಆಗುತ್ತದೆ ಅನ್ನೋ ಭಯ ಒಂದು ಕಡೆ. "ನೀನೇ ಏನೋ ಮಾಡಿರ್ತೀಯ" ಅಂತ ಮನೆಯಲ್ಲೂ ಬೈಸಿಕೊಳ್ಳಬೇಕಾಗುತ್ತದೆ ಅನ್ನೋದು ಇನ್ನೊಂದು ಕಡೆ. ಹಾಗಾಗಿ ಮಗು ಸುಮ್ಮನಿರುತ್ತದೆ. ಆದರೆ ಅದರ ಊಟ, ನಿದ್ದೆ, ಆಟ, ಮೊಬೈಲು ಸುಮ್ಮನಿರುವುದಿಲ್ಲ. ಇವುಗಳಲ್ಲಿ ಏನೋ ಏರುಪೇರಾಗುತ್ತದೆ. ನಾವು ಅದನ್ನು ಸೋಮಾರಿತನ, ಹಟ, "ಈ ವಯಸ್ಸೇ ಹಾಗೆ" ಅಂದುಕೊಂಡು ಬೈಯುತ್ತೇವೆ.

ಯುನೆಸ್ಕೋ ಹಲವು ದೇಶಗಳ ಲೆಕ್ಕ ಒಟ್ಟು ಹಾಕಿ 2019ರಲ್ಲಿ ಹೇಳಿದ್ದು: ಹೆಚ್ಚುಕಡಿಮೆ ಮೂವರು ವಿದ್ಯಾರ್ಥಿಗಳಲ್ಲಿ ಒಬ್ಬರು ಹಿಂದಿನ ಒಂದು ತಿಂಗಳಲ್ಲಿ ಒಮ್ಮೆಯಾದರೂ ಇಂಥ ಕಾಟ ಅನುಭವಿಸಿದ್ದಾರೆ. ಅಂದರೆ ಇದು ಯಾರದೋ ಮನೆಯ ಕಥೆ ಅಂತ ಪಕ್ಕಕ್ಕೆ ಇಡುವಂಥದ್ದಲ್ಲ.

ಹೆಜ್ಜೆ 1: ಜಗಳವೋ, ಕಾಟವೋ ನೋಡಿಕೊಳ್ಳಿ

ಮಕ್ಕಳೆಂದ ಮೇಲೆ ಜಗಳ ಇದ್ದದ್ದೇ. ಇವತ್ತು ಟೂ ಬಿಡುತ್ತಾರೆ, ನಾಳೆ ಒಂದೇ ಐಸ್‌ಕ್ಯಾಂಡಿ ಹಂಚಿಕೊಂಡು ತಿನ್ನುತ್ತಾರೆ. ಅದಕ್ಕೆಲ್ಲ ದೊಡ್ಡವರು ಕೈ ಹಾಕಬಾರದು. ನಾರ್ವೆಯಲ್ಲಿ ಈ ವಿಷಯದ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ ಡಾನ್ ಓಲ್ವಿಯಸ್ ಅನ್ನುವ ಮನಶ್ಶಾಸ್ತ್ರಜ್ಞರು ಮೂರು ಗುರುತು ಕೊಟ್ಟಿದ್ದಾರೆ. ನೋಯಿಸಬೇಕು ಅಂತಲೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ಎದುರು ನಿಲ್ಲಲು ಆಗದವರ ಮೇಲೆ ಮಾಡುವುದು. ಈ ಮೂರನೆಯದನ್ನು ಚೆನ್ನಾಗಿ ಗಮನಿಸಿ. ಬಲ ಅಂದರೆ ತೋಳ್ಬಲವೇ ಆಗಬೇಕಿಲ್ಲ. ಹತ್ತು ಜನರ ಗುಂಪು, ದುಡ್ಡು, ಜಾತಿ, ಇಂಗ್ಲಿಷು, "ನಮ್ಮಪ್ಪ ಯಾರು ಗೊತ್ತಾ" ಅನ್ನೋದು, ಎಲ್ಲವೂ ಬಲವೇ.

ಹೊಡೆತ ಕಣ್ಣಿಗೆ ಕಾಣುತ್ತದೆ. ಡುಮ್ಮ, ಕಡ್ಡಿ, ಸೋಡಾಬುಡ್ಡಿ, ಕರಿಯ ಅನ್ನೋ ಅಡ್ಡಹೆಸರುಗಳು ಕಾಣುವುದಿಲ್ಲ. ಇಡೀ ಬೆಂಚು ಒಬ್ಬಳ ಜೊತೆ ಮಾತು ಬಿಡುವುದಂತೂ ಟೀಚರಿಗೂ ಗೊತ್ತಾಗುವುದಿಲ್ಲ. ಹೆಣ್ಣುಮಕ್ಕಳ ಗುಂಪಿನಲ್ಲಿ ಈ ಕೊನೆಯದನ್ನೇ ಜಾಸ್ತಿ ಕೇಳುತ್ತೇವೆ, ಮತ್ತು ಅದನ್ನೇ ಎಲ್ಲರೂ "ಅಷ್ಟೇನಾ?" ಅಂತ ತಳ್ಳಿಹಾಕುತ್ತಾರೆ.

ಹೆಜ್ಜೆ 2: ಒಂದು ವಾರ ಬೈಯದೆ ಗಮನಿಸಿ

ಊಟದ ಡಬ್ಬಿಯಿಂದ ಶುರು ಮಾಡಿ. ಅರ್ಧ ಉಳಿದಿದ್ದರೆ ಅಡುಗೆ ಸೇರಿಲ್ಲ ಅಂದುಕೊಳ್ಳಬಹುದು. ಮುಚ್ಚಳವನ್ನೇ ತೆಗೆಯದೆ ದಿನಾ ವಾಪಸ್ ತಂದರೆ ಪ್ರಶ್ನೆ ಅಡುಗೆಯದಲ್ಲ. ಜೊತೆಗೆ ಕೂರಲು ಯಾರೂ ಇಲ್ಲದಿರಬಹುದು. ಡಬ್ಬಿ ತೆಗೆದ ಕೂಡಲೇ "ಇವನದು ದಿನಾ ಮುದ್ದೆ", "ಅಯ್ಯೋ ಮೀನಿನ ವಾಸನೆ" ಅಂತ ಗೇಲಿ ಮಾಡುವವರು ಇರಬಹುದು. ಇದಕ್ಕೆ ತದ್ವಿರುದ್ಧವಾಗಿ ಡಬ್ಬಿ ಪೂರ್ತಿ ಖಾಲಿಯಾಗಿದ್ದು, ಮಗು ಮನೆಗೆ ಬಂದ ತಕ್ಷಣ ಹಸಿದ ಹುಲಿ ಹಾಗೆ ತಿಂದರೆ, ಆ ಊಟ ಯಾರ ಹೊಟ್ಟೆಗೆ ಹೋಯಿತು ಅಂತಲೂ ಯೋಚಿಸಬೇಕು.

ನೀರಿನ ಬಾಟಲಿಯನ್ನು ಯಾರೂ ನೋಡುವುದಿಲ್ಲ. ನೋಡಿ. ಬೆಳಿಗ್ಗೆ ತುಂಬಿಸಿ ಕೊಟ್ಟ ನೀರು ಸಂಜೆ ಹಾಗೇ ಇದ್ದು, ಮಗು ಶೂ ಬಿಚ್ಚುವ ಮೊದಲೇ ಬಚ್ಚಲಿಗೆ ಓಡಿದರೆ, ಅದು ಶಾಲೆಯ ಶೌಚಾಲಯಕ್ಕೆ ಹೋಗುತ್ತಿಲ್ಲ ಅಂತ ಅರ್ಥ. ಶೌಚಾಲಯ ಗಲೀಜಿರಬಹುದು, ಚಿಲಕ ಇಲ್ಲದಿರಬಹುದು. ಆದರೆ ಟೀಚರ ಕಣ್ಣು ತಲುಪದ ಜಾಗವೂ ಅದೇ. ಬಾಗಿಲು ಹೊರಗಿನಿಂದ ಹಾಕುವುದು, ಮೇಲಿನಿಂದ ನೀರೆರಚುವುದು, ಇಣುಕುವುದು ನಡೆಯುವುದು ಅಲ್ಲೇ. ದಿನವಿಡೀ ನೀರು ಕುಡಿಯದೆ, ಮೂತ್ರ ತಡೆದುಕೊಂಡು ಕೂತರೆ ಉರಿಮೂತ್ರ, ಸೋಂಕು, ಮಲಬದ್ಧತೆ ಎಲ್ಲ ಬರುತ್ತದೆ. ಇಂಥ ಮಗುವಿಗೆ "ನೀರು ಜಾಸ್ತಿ ಕುಡಿ" ಅಂತ ಉಪದೇಶ ಮಾಡಿ ಏನು ಪ್ರಯೋಜನ?

ಇನ್ನು ಕೆಲವು ಗುರುತುಗಳು. ಭಾನುವಾರ ರಾತ್ರಿಯೇ ಹೊಟ್ಟೆನೋವು ಶುರುವಾಗಿ, ರಜೆ ಅಂತ ಗೊತ್ತಾದ ಕೂಡಲೇ ವಾಸಿಯಾಗುವುದು. ಪಿ.ಟಿ. ಪೀರಿಯಡ್ ಇರುವ ದಿನವೇ ಕಾಲುನೋವು ಬರುವುದು. ಬೀದಿಯಲ್ಲಿ ಕ್ರಿಕೆಟ್ ಆಡುತ್ತಿದ್ದವನು ದಿಢೀರನೆ ಬ್ಯಾಟು ಮೂಲೆಗಿಡುವುದು. ಶಾಲೆಗೆ ಹೋಗುವ ದಾರಿ ಬದಲಿಸುವುದು. ಪೆನ್ನು, ಜಾಮಿಟ್ರಿ ಬಾಕ್ಸು ಪದೇ ಪದೇ "ಕಳೆದುಹೋಗುವುದು".

ಎಲ್ಲವನ್ನೂ ಕಾಟದ ಲೆಕ್ಕಕ್ಕೇ ಹಾಕಬೇಡಿ. ಸುಸ್ತು, ಓದಿನಲ್ಲಿ ಮನಸ್ಸಿಲ್ಲ, ಆಟ ಬೇಡ ಅನ್ನುವುದಕ್ಕೆ ರಕ್ತಹೀನತೆಯೂ ಕಾರಣವಾಗಿರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19ರ ಹೆಣ್ಣುಮಕ್ಕಳಲ್ಲಿ ಶೇ 59ರಷ್ಟು ಮಂದಿಗೆ ರಕ್ತ ಕಡಿಮೆ. ಒಂದು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹುಡುಗಿಯರಿಗೆ 12ಕ್ಕಿಂತ ಕೆಳಗಿದ್ದರೆ ಡಾಕ್ಟರನ್ನು ಕಾಣಬೇಕು.

ಮೈಮೇಲೆ ಗಾಯ ಇದ್ದರೆ, ಯಾರಾದರೂ ಅಸಭ್ಯವಾಗಿ ಮುಟ್ಟಿದ್ದಾರೆ ಅಂತ ಗೊತ್ತಾದರೆ, "ನಾನು ಸತ್ತರೇ ವಾಸಿ" ಅನ್ನುವ ಮಾತು ಬಾಯಲ್ಲಿ ಬಂದರೆ ವಾರಗಟ್ಟಲೆ ಗಮನಿಸುತ್ತ ಕೂರಬೇಡಿ. ಅವತ್ತೇ ಹೆಜ್ಜೆ 7ಕ್ಕೆ ಹೋಗಿ.

ಹೆಜ್ಜೆ 3: ಎದುರಿಗೆ ಕೂರಿಸಿಕೊಂಡು ವಿಚಾರಣೆ ಮಾಡಬೇಡಿ

ಹದಿಹರೆಯದವರು ಮುಖ ನೋಡಿಕೊಂಡು ಮನಸ್ಸು ಬಿಚ್ಚುವುದಿಲ್ಲ. ಸ್ಕೂಟರಿನಲ್ಲಿ ಹಿಂದೆ ಕೂತಾಗ, ಬಟ್ಟೆ ಮಡಚುವಾಗ, ಅವರೆಕಾಯಿ ಬಿಡಿಸುವಾಗ ಮಾತು ತಾನಾಗಿ ಬರುತ್ತದೆ. "ಯಾರಾದ್ರೂ ಏನಾದ್ರೂ ಅಂತಾರಾ?" ಅಂತ ಕೇಳಿದರೆ "ಇಲ್ಲ" ಅನ್ನೋದು ಸಿದ್ಧ ಉತ್ತರ. ಅದರ ಬದಲು, "ಈಗ ಊಟಕ್ಕೆ ಯಾರ ಜೊತೆ ಕೂತ್ಕೋತೀಯ ಪುಟ್ಟಾ?" ಅಂತ ಕೇಳಿ ನೋಡಿ. "ಯಾರೂ ಇಲ್ಲ ಅಮ್ಮ, ಕ್ಲಾಸಲ್ಲೇ ಇರ್ತೀನಿ" ಅನ್ನುವ ಒಂದು ಸಾಲಿನಲ್ಲಿ ಅರ್ಧ ವಿಷಯ ಸಿಕ್ಕಿಬಿಡುತ್ತದೆ.

ಹೇಳಲು ಶುರು ಮಾಡಿದ ಮೇಲೆ ನೀವು ಬಾಯಿ ಹಾಕಬೇಡಿ. "ನೀನ್ಯಾಕೆ ಸುಮ್ನಿದ್ದೆ?" ಬೇಡ. "ನಮ್ಮ ಕಾಲದಲ್ಲಿ ಇದೆಲ್ಲ ಮಾಮೂಲಿ" ಅಂತೂ ಬೇಡವೇ ಬೇಡ. "ನೀನು ಹೇಳಿದ್ದು ಒಳ್ಳೇದಾಯ್ತು. ಇದರಲ್ಲಿ ನಿನ್ನ ತಪ್ಪಿಲ್ಲ. ನಿನಗೆ ಹೇಳದೆ ನಾನು ಶಾಲೆಗೆ ಹೋಗಲ್ಲ, ಇಬ್ಬರೂ ಸೇರಿ ಏನು ಮಾಡೋದು ನೋಡೋಣ." ಇಷ್ಟು ಸಾಕು. "ಯಾರಿಗೂ ಹೇಳಲ್ಲ" ಅಂತ ಆಣೆ ಮಾತ್ರ ಮಾಡಬೇಡಿ. ಮುಂದೆ ಅದನ್ನು ಮುರಿಯಬೇಕಾಗುತ್ತದೆ.

"ಅವನು ಒಂದು ಹೊಡೆದರೆ ನೀನು ಎರಡು ಹೊಡಿ" ಅಂತ ಹೇಳಿಕೊಡುವ ಅಪ್ಪಂದಿರು ಬಹಳ. ಬಲ ಕಡಿಮೆ ಇರುವುದರಿಂದಲೇ ತಾನೆ ಕಾಟ ಶುರುವಾಗಿದ್ದು? ತಿರುಗಿ ಹೊಡೆದು ಇನ್ನಷ್ಟು ಪೆಟ್ಟು ತಿಂದು ಬರುತ್ತಾನೆ, ಇಲ್ಲವೇ ಟೀಚರ ಕೈಗೆ ಸಿಕ್ಕಿಬೀಳುವುದು ಇವನೇ ಆಗಿರುತ್ತಾನೆ.

ಹೆಜ್ಜೆ 4: ಮೊದಲು ಮನೆಯವರ ಬಾಯಿಗೆ ಬೀಗ

ಯುನೆಸ್ಕೋ ವರದಿಯಲ್ಲೇ ಇನ್ನೊಂದು ಮಾತಿದೆ. ಮಕ್ಕಳನ್ನು ಕಾಡಿಸಲು ಎಲ್ಲಕ್ಕಿಂತ ಹೆಚ್ಚಾಗಿ ನೆಪವಾಗುವುದು ಅವರ ರೂಪ. ದಪ್ಪ, ಸಣಕಲು, ಕಪ್ಪು, ಮೊಡವೆ, ಹಲ್ಲು. ಈಗ ನಮ್ಮ ಮನೆಗಳಲ್ಲಿ ಹಬ್ಬಕ್ಕೆ ಬಂದ ದೊಡ್ಡಮ್ಮ, ಮಾವ ಬಾಗಿಲಲ್ಲೇ ಆಡುವ ಮೊದಲ ಮಾತು ಯಾವುದು ಹೇಳಿ? "ಏನೇ, ಇಷ್ಟು ದಪ್ಪ ಆಗಿದೀಯ!" ಶಾಲೆಯಲ್ಲಿ ಡುಮ್ಮಿ ಅನ್ನಿಸಿಕೊಂಡು ಬಂದ ಹುಡುಗಿಗೆ ಮನೆಯಲ್ಲೂ ಅದೇ ಅಂದರೆ ಎಲ್ಲಿಗೆ ಹೋಗಬೇಕು?

ಆರೋಗ್ಯಕ್ಕೆ ಅಂತ ಹೇಳುವ ಬುದ್ಧಿಮಾತೂ ಇಲ್ಲಿ ತಿರುಗುಬಾಣವಾಗುತ್ತದೆ. "ಅನ್ನ ಕಡಿಮೆ ಮಾಡು, ಓಡು, ಮೈ ಕರಗಿಸು" ಅಂದರೆ ಮಗುವಿಗೆ ಕೇಳಿಸುವುದು "ಅವರು ಹೇಳಿದ್ದು ಸರಿ" ಅಂತ. ತೂಕದ ಬಗ್ಗೆ ಗೇಲಿಗೆ ಒಳಗಾದ ಮಕ್ಕಳು ಊಟ ಬಿಡುವುದು, ಆಮೇಲೆ ಕದ್ದು ಮುಚ್ಚಿ ಒಂದೇ ಸಲ ಜಾಸ್ತಿ ತಿನ್ನುವುದು, ಆಟದ ಮೈದಾನದಿಂದಲೇ ದೂರ ಉಳಿಯುವುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ತೂಕದ ಮಾತು ಆಡಲೇಬೇಕಿದ್ದರೆ ಡಾಕ್ಟರ ಹತ್ತಿರ ಆಡಿ. ಮನೆಯಲ್ಲಿ ಬದಲಾವಣೆ ಬೇಕಿದ್ದರೆ ಎಲ್ಲರ ತಟ್ಟೆಯಲ್ಲೂ ಒಟ್ಟಿಗೇ ಬರಲಿ. ಒಬ್ಬಳಿಗೆ ಮಾತ್ರ ಚಪಾತಿ, ತಮ್ಮನಿಗೆ ಹೋಳಿಗೆ ಅನ್ನುವ ಲೆಕ್ಕ ಬೇಡ.

ಹೆಜ್ಜೆ 5: ದಿನಚರಿಯನ್ನು ಮೆಲ್ಲಗೆ ದಾರಿಗೆ ತನ್ನಿ

ಒಳ್ಳೆ ನಿದ್ದೆ, ಒಳ್ಳೆ ಊಟದಿಂದ ಕಾಟ ಕೊಡುವವರು ನಿಲ್ಲಿಸುವುದಿಲ್ಲ. ನಿಲ್ಲಿಸಬೇಕಾದ್ದು ಶಾಲೆ. ಅಲ್ಲಿಯವರೆಗೆ ಮಗು ಕುಸಿಯದಂತೆ ಹಿಡಿದುಕೊಳ್ಳಲು ದಿನಚರಿ ಬೇಕು.

ನಿದ್ದೆಗೇ ಮೊದಲ ಜಾಗ. 13ರಿಂದ 18ರ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ನಿದ್ರಾತಜ್ಞರು ಹೇಳುತ್ತಾರೆ. ಹತ್ತನೇ ಕ್ಲಾಸಿನ ಹುಡುಗ ಟ್ಯೂಷನ್‌ಗೆ ಅಂತ ಐದೂವರೆಗೆ ಎದ್ದರೆ, ಒಂಬತ್ತೂವರೆಗೆ ಮಲಗಿದರೆ ಮಾತ್ರ ಎಂಟು ಗಂಟೆ ಆಗುತ್ತದೆ. ಲೆಕ್ಕ ಹಾಕಿ ನೋಡಿ, ಎಷ್ಟು ಮನೆಗಳಲ್ಲಿ ಇದು ನಡೆಯುತ್ತದೆ? ನಿದ್ದೆ ಕೆಟ್ಟ ಮಗುವಿಗೆ ಮಾರನೇ ದಿನ ಸಣ್ಣ ಮಾತಿಗೂ ಕಣ್ಣಲ್ಲಿ ನೀರು, ಮೂಗಿನ ತುದಿಯಲ್ಲಿ ಕೋಪ. ರೇಗಿಸುವವರಿಗೆ ಬೇಕಾದ್ದೂ ಅದೇ. ಮೊಬೈಲು ರಾತ್ರಿ ಅಡುಗೆಮನೆಯಲ್ಲೋ ಹಾಲ್‌ನಲ್ಲೋ ಚಾರ್ಜಿಗೆ ಇರಲಿ. ಮಗುವಿನದಷ್ಟೇ ಅಲ್ಲ, ನಿಮ್ಮದೂ. ಇಲ್ಲದಿದ್ದರೆ ಈ ನಿಯಮ ಎರಡು ದಿನವೂ ನಿಲ್ಲುವುದಿಲ್ಲ.

ಬೆಳಗಿನ ತಿಂಡಿ ತಪ್ಪಿಸಬೇಡಿ. ಗಾಬರಿಯಿಂದ ಬೆಳಿಗ್ಗೆ ಗಂಟಲಲ್ಲಿ ಇಳಿಯುವುದೇ ಇಲ್ಲ ಅಂದರೆ ಒತ್ತಾಯದಿಂದ ಮೂರು ಇಡ್ಲಿ ತುರುಕಬೇಡಿ. ಒಂದು ಲೋಟ ರಾಗಿ ಅಂಬಲಿ, ಒಂದು ಬಾಳೆಹಣ್ಣು ಸಾಕು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ, ಎತ್ತರ ಬೆಳೆಯುವ ವಯಸ್ಸಿಗೆ ಒಳ್ಳೆಯದೇ. ಸರ್ಕಾರಿ, ಅನುದಾನಿತ ಶಾಲೆಯಾದರೆ 2013ರಿಂದ ಕ್ಷೀರಭಾಗ್ಯದ ಹಾಲು ಇದೆ, ಬಿಸಿಯೂಟ ಇದೆ, ಮೊಟ್ಟೆ ಅಥವಾ ಬಾಳೆಹಣ್ಣು ಇದೆ. ಮಗು ಅದನ್ನು ನಿಜವಾಗಿ ತಿನ್ನುತ್ತಿದೆಯಾ, ಸಾಲಿನಲ್ಲಿ ಯಾರಾದರೂ ತಳ್ಳುತ್ತಿದ್ದಾರಾ, ಬೇರೆ ಕೂರಿಸುತ್ತಿದ್ದಾರಾ ಅಂತ ಬಡಿಸುವ ಅಡುಗೆ ಅಕ್ಕನನ್ನು ಕೇಳಿ. ಎಷ್ಟೋ ಸಲ ಹೆಡ್‌ಮಾಸ್ಟರಿಗಿಂತ ಅವರಿಗೇ ಜಾಸ್ತಿ ಗೊತ್ತಿರುತ್ತದೆ. ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ನೀಲಿ ಕಬ್ಬಿಣದ ಮಾತ್ರೆಯನ್ನು ಊಟ ಆದ ಮೇಲೆ ನುಂಗಲು ಹೇಳಿ. ಮಲ ಕಪ್ಪಗಾದರೆ ಹೆದರಬೇಕಾಗಿಲ್ಲ.

ಆಟ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17ರ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕು ಅನ್ನುತ್ತದೆ. ಆದರೆ ಮೈದಾನದಲ್ಲೇ ಅವಮಾನ ಆದ ಮಗುವನ್ನು ಅದೇ ಮೈದಾನಕ್ಕೆ ತಳ್ಳಬೇಡಿ. ಶಾಲೆಯ ಹೊರಗೆ ಬೇರೆ ಗುಂಪು ಹುಡುಕಿ. ಕರಾಟೆ, ಈಜು, ಊರಿನ ಕಬಡ್ಡಿ ತಂಡ, ಡೊಳ್ಳು ಕುಣಿತ, ಯಕ್ಷಗಾನದ ಹೆಜ್ಜೆ ಕಲಿಸುವ ಕಡೆ, ಯಾವುದಾದರೂ ಆಗಲಿ. ಅಲ್ಲಿ ಇವನ ಅಡ್ಡಹೆಸರು ಯಾರಿಗೂ ಗೊತ್ತಿರುವುದಿಲ್ಲ. ಒಬ್ಬ ಗೆಳೆಯ ಸಿಕ್ಕರೂ ದೊಡ್ಡ ಲಾಭ. ದುಡ್ಡು ಕೊಟ್ಟು ಸೇರಿಸಲು ಆಗದಿದ್ದರೆ ಪಕ್ಕದ ಬೀದಿಯ ಚಿಕ್ಕಪ್ಪನ ಮಕ್ಕಳ ಜೊತೆ ಸೈಕಲ್ ಹೊಡೆಯಲಿ. ಅದೂ ಅರವತ್ತು ನಿಮಿಷದ ಲೆಕ್ಕಕ್ಕೇ ಬರುತ್ತದೆ.

ಹೆಜ್ಜೆ 6: ಶಾಲೆಗೆ ಹೋಗಿ, ಬರೆದು ಕೊಡಿ

ಕಾಟ ಕೊಟ್ಟ ಹುಡುಗನ ಮನೆಗೆ ನೇರವಾಗಿ ಹೋಗಬೇಡಿ. ಗೇಟಿನ ಹತ್ತಿರ ನಿಂತು ಅವನನ್ನು ಗದರಿಸುವುದೂ ಬೇಡ. ಅವನೂ ಮಗುವೇ, ಅಲ್ವಾ. ಮೇಲಾಗಿ ತಪ್ಪು ನಿಮ್ಮ ತಲೆಗೇ ಸುತ್ತಿಕೊಳ್ಳುತ್ತದೆ.

ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ದಿನ, ಎಲ್ಲಿ, ಏನಾಯಿತು, ಯಾರು ನೋಡಿದರು. ಕ್ಲಾಸ್ ಟೀಚರನ್ನು ಭೇಟಿಯಾಗಿ. ಬಹಳಷ್ಟು ಪ್ರಕರಣ ಅಲ್ಲೇ ಮುಗಿಯಬಹುದು. ಮುಗಿಯದಿದ್ದರೆ ಮುಖ್ಯ ಶಿಕ್ಷಕರಿಗೆ ಅರ್ಜಿ. ಬೈಗುಳ, ಬೆದರಿಕೆ ಇಲ್ಲದೆ ಹೀಗೆ ಬರೆಯಬಹುದು:

"ಮಾನ್ಯರೇ, ನನ್ನ ಮಗಳು ತಮ್ಮ ಶಾಲೆಯ 8ನೇ ತರಗತಿ 'ಬಿ' ವಿಭಾಗದಲ್ಲಿ ಓದುತ್ತಿದ್ದಾಳೆ. ಜುಲೈ ಮೊದಲ ವಾರದಿಂದ ಊಟದ ಬಿಡುವಿನಲ್ಲಿ ಮತ್ತು ಶೌಚಾಲಯದ ಬಳಿ ಕೆಲವು ಸಹಪಾಠಿಗಳು ಅವಳ ಮೈಬಣ್ಣದ ಬಗ್ಗೆ ಹೀಯಾಳಿಸುತ್ತಿದ್ದಾರೆ, ಬ್ಯಾಗ್ ಕಿತ್ತು ಎಸೆದಿದ್ದಾರೆ. ದಿನಾಂಕಗಳ ವಿವರ ಲಗತ್ತಿಸಿದ್ದೇನೆ. ಅವಳು ಮಧ್ಯಾಹ್ನ ಊಟ ಮಾಡುತ್ತಿಲ್ಲ. ಬಿಡುವಿನ ವೇಳೆ ಆ ಜಾಗದಲ್ಲಿ ಶಿಕ್ಷಕರೊಬ್ಬರು ಇರುವಂತೆ, ಅವಳ ಆಸನ ಬದಲಿಸುವಂತೆ ಮತ್ತು ತೆಗೆದುಕೊಂಡ ಕ್ರಮವನ್ನು ಒಂದು ವಾರದೊಳಗೆ ತಿಳಿಸುವಂತೆ ಕೋರುತ್ತೇನೆ."

ಝೆರಾಕ್ಸ್ ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. "ಬಾಯಲ್ಲಿ ಹೇಳಿದ್ರಲ್ಲ, ಸಾಕು ಬಿಡಿ" ಅಂದರೆ ನಯವಾಗಿಯೇ, ಆದರೆ ಬಿಡದೆ ಕೇಳಿ. ಅರ್ಜಿಯಲ್ಲಿ "ಕಠಿಣ ಕ್ರಮ ಕೈಗೊಳ್ಳಿ" ಅಂತ ಬರೆದರೆ ಯಾರಿಗೂ ಏನು ಮಾಡಬೇಕು ಗೊತ್ತಾಗುವುದಿಲ್ಲ. ಊಟದ ಬಿಡುವಿನಲ್ಲಿ ಒಬ್ಬ ಟೀಚರ್ ಕಾರಿಡಾರಿನಲ್ಲಿ ನಿಲ್ಲಲಿ ಅಂದರೆ ಗೊತ್ತಾಗುತ್ತದೆ.

ಇಬ್ಬರನ್ನೂ ಎದುರುಬದುರು ನಿಲ್ಲಿಸಿ "ಕೈ ಕುಲುಕಿ, ಸಾರಿ ಹೇಳಿ" ಅಂತ ರಾಜಿ ಮಾಡಿಸುವುದು ಶಾಲೆಗಳಿಗೆ ಬಲು ಇಷ್ಟ. ಜಗಳಕ್ಕೆ ಅದು ಸರಿ, ಕಾಟಕ್ಕೆ ಬೇಡ. ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಮಾತಾಡಿಸಲು ಹೇಳಿ.

ಕಾನೂನು ನಿಮ್ಮ ಬೆನ್ನಿಗಿದೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲೇ ರ‍್ಯಾಗಿಂಗ್‌ಗೆ ಶಿಕ್ಷೆ ಇದೆ. ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ ಕಾಟ ತಡೆಯುವ ಸಮಿತಿ ಇರಬೇಕು ಅಂತ 2015ರಲ್ಲೇ ಸುತ್ತೋಲೆ ಕಳಿಸಿದೆ. ನಿಮ್ಮ ಶಾಲೆಯ ಸಮಿತಿಯಲ್ಲಿ ಯಾರಿದ್ದಾರೆ ಅಂತ ಕೇಳಿ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಎತ್ತಬಹುದು. ಅಲ್ಲಿಂದ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ, ಆಮೇಲೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ಹೀಯಾಳಿಸುವುದು, ಹೊಡೆಯುವುದು ಟೀಚರೇ ಆಗಿದ್ದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಅದನ್ನು ನೇರವಾಗಿ ನಿಷೇಧಿಸುತ್ತದೆ.

ಕ್ಲಾಸಿನ ಉಳಿದ ಮಕ್ಕಳನ್ನು ಮರೆಯಬೇಡಿ. ಕೆನಡಾದ ಸಂಶೋಧಕರು ಶಾಲೆಯ ಅಂಗಳದಲ್ಲಿ ಚಿತ್ರೀಕರಿಸಿ ನೋಡಿದಾಗ, ಜೊತೆಯ ಮಕ್ಕಳು ಅಡ್ಡ ಬಂದ ಸಂದರ್ಭಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಲ ಕಾಟ 10 ಸೆಕೆಂಡಿನೊಳಗೆ ನಿಂತುಹೋಗಿತ್ತು. ಅಡ್ಡ ಬರಲು ಧೈರ್ಯ ಇಲ್ಲದವರು "ಬಾರೇ, ಮಿಸ್ ಕರೀತಿದಾರೆ" ಅಂತ ಅವಳನ್ನು ಅಲ್ಲಿಂದ ಕರೆದುಕೊಂಡು ಹೋದರೂ ಆಯಿತು. ಇದನ್ನು ಟೀಚರ್ ಇಡೀ ಕ್ಲಾಸಿಗೆ ಹೇಳಿಕೊಡಬಹುದು.

ಕಾಟ ಮೊಬೈಲಿನಲ್ಲಿ ನಡೆಯುತ್ತಿದ್ದರೆ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ದಿನಾಂಕ, ಖಾತೆಯ ಹೆಸರು ಕಾಣಬೇಕು. ಆಮೇಲೆ ಬ್ಲಾಕ್, ರಿಪೋರ್ಟ್. ನಕಲಿ ಖಾತೆ, ತಿರುಚಿದ ಫೋಟೊ ಇದ್ದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಮಗುವಿನ ಅಶ್ಲೀಲ ಚಿತ್ರ ಇದ್ದರೆ ಅದನ್ನು ಯಾರಿಗೂ ಕಳಿಸಬೇಡಿ, ಸಾಕ್ಷಿಗೆ ಅಂತ ಗ್ರೂಪಿಗೂ ಹಾಕಬೇಡಿ. ನೇರವಾಗಿ ಪೊಲೀಸರ ಬಳಿ ಹೋಗಿ. ಮಗುವಿನಿಂದ ಮೊಬೈಲ್ ಕಿತ್ತುಕೊಂಡು ಶಿಕ್ಷೆ ಕೊಟ್ಟರೆ ಮುಂದಿನ ಸಲ ಅದು ನಿಮಗೆ ಹೇಳುವುದೇ ಇಲ್ಲ.

ಹೆಜ್ಜೆ 7: ಹೊರಗಿನ ಸಹಾಯ ಪಡೆಯಲು ಹಿಂಜರಿಯಬೇಡಿ

1098 ಮಕ್ಕಳ ಸಹಾಯವಾಣಿ. ಮಗುವೇ ಕರೆ ಮಾಡಬಹುದು, ದುಡ್ಡು ಬೀಳುವುದಿಲ್ಲ. ಈ ನಂಬರನ್ನು ಬಾಯಿಪಾಠ ಮಾಡಿಸಿ. 14416 ಟೆಲಿ-ಮಾನಸ್, 2022ರಲ್ಲಿ ಶುರುವಾದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರಸ್ಥಾನ, ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಇರುತ್ತದೆ. ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ನಲ್ಲಿ ಹದಿಹರೆಯದವರಿಗೆ ಆಪ್ತ ಸಲಹೆ ಸಿಗುತ್ತದೆ.

ಸಾಯುವ ಮಾತು, ಕೈ ಕೊಯ್ದುಕೊಂಡ ಗುರುತು ಕಂಡರೆ ಮಗುವನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಕೀಟನಾಶಕ, ಮಾತ್ರೆಗಳಿಗೆ ಬೀಗ ಹಾಕಿ. ಅವತ್ತೇ ಡಾಕ್ಟರ ಬಳಿ ಕರೆದೊಯ್ಯಿರಿ. ಲೈಂಗಿಕವಾಗಿ ಮುಟ್ಟಿದ್ದರೆ ಅದು 2012ರ ಪೋಕ್ಸೊ ಕಾಯ್ದೆಗೆ ಬರುತ್ತದೆ. ಶಾಲೆಯವರು "ಒಳಗೊಳಗೇ ಮುಗಿಸೋಣ" ಅನ್ನುವ ಹಾಗಿಲ್ಲ, ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸಲೇಬೇಕು.

ಫೋನ್ ಬಂದಿದ್ದು ನಿಮಗಾಗಿದ್ದರೆ?

"ನಿಮ್ಮ ಹುಡುಗ ಬೇರೆ ಮಕ್ಕಳಿಗೆ ಕಾಟ ಕೊಡ್ತಿದಾನೆ" ಅಂತ ಟೀಚರ್ ಹೇಳಿದರೆ "ನಮ್ಮವನು ಹಾಗಲ್ಲ" ಅನ್ನೋ ಮಾತನ್ನು ಒಂದು ದಿನ ತಡೆಹಿಡಿಯಿರಿ. ಹಾಗಂತ ಬೆಲ್ಟ್ ತೆಗೆಯಬೇಡಿ. ಬಲ ಇದ್ದವನು ಹೊಡೆಯಬಹುದು ಅನ್ನೋ ಪಾಠವೇ ಅವನಿಗೆ ಮತ್ತೊಮ್ಮೆ ಸಿಕ್ಕಂತಾಗುತ್ತದೆ. ಅವನ ನಿದ್ದೆ, ಊಟ, ಮೊಬೈಲನ್ನೂ ಇದೇ ರೀತಿ ಗಮನಿಸಿ. ಕಾಟ ಕೊಡುವವರಲ್ಲಿ ಕೆಲವರು ಬೇರೆ ಕಡೆ ಕಾಟ ತಿನ್ನುವವರೂ ಆಗಿರುತ್ತಾರೆ. ಕಿತ್ತುಕೊಂಡ ವಸ್ತು ವಾಪಸ್ ಕೊಡಿಸಿ, ಹಾಳಾದದ್ದಕ್ಕೆ ಅವನ ಪಾಕೆಟ್ ಮನಿಯಿಂದಲೇ ಕಟ್ಟಿಸಿ.

ಕೊನೆಗೆ, ಶಾಲೆ ಬದಲಿಸಬೇಕಾ?

ಅರ್ಜಿ ಕೊಟ್ಟು ಎರಡು ವಾರ, ಆಮೇಲೆ ಒಂದು ತಿಂಗಳು ಬಿಟ್ಟು ಮತ್ತೆ ಶಾಲೆಗೆ ಹೋಗಿ ಕೇಳಿ. ಡಬ್ಬಿ, ಬಾಟಲಿ, ಭಾನುವಾರದ ಹೊಟ್ಟೆನೋವು ಸುಧಾರಿಸಿದೆಯಾ ನೋಡಿ. ಏನೂ ಆಗಿಲ್ಲ, ಮಗುವೇ "ಬೇರೆ ಶಾಲೆಗೆ ಸೇರಿಸಿ" ಅಂತ ಬೇಡುತ್ತಿದೆ ಅಂದರೆ ಬದಲಿಸುವುದು ಸೋಲಲ್ಲ. ಎಸ್‌ಎಸ್‌ಎಲ್‌ಸಿ ವರ್ಷ ಮಾತ್ರ ನೋಂದಣಿಯ ತೊಡಕು ಇರುತ್ತದೆ, ಮೊದಲೇ ವಿಚಾರಿಸಿಕೊಳ್ಳಿ. 8ನೇ ತರಗತಿವರೆಗಿನ ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರುವುದಾದರೆ, ಟಿಸಿ ಬರುವುದು ತಡವಾಯಿತು ಅನ್ನುವ ಕಾರಣಕ್ಕೆ ಆ ಶಾಲೆ ದಾಖಲಾತಿ ನಿರಾಕರಿಸುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಅದನ್ನು ಹೇಳುತ್ತದೆ. ಹೊಸ ಶಾಲೆಯ ಕ್ಲಾಸ್ ಟೀಚರಿಗೆ ಹಿಂದೆ ನಡೆದದ್ದನ್ನು ಮೊದಲ ವಾರವೇ ಚುಟುಕಾಗಿ ತಿಳಿಸಿಡಿ. ಊಟಕ್ಕೆ ಯಾರ ಜೊತೆ ಕೂರಿಸುತ್ತೀರಿ ಅಂತಲೂ ಅಲ್ಲೇ ಕೇಳಿಬಿಡಿ.